ರಾಫ್ ಬರೆದ ನಾಲ್ಕು ಋತುಗಳು

ನಾಲ್ಕು ಋತುಗಳ ಸಂಗೀತ ಎಂದೊಡನೆ ಪಾಶ್ಚಾತ್ಯ ಸಂಗೀತ ಬಲ್ಲವರು ವಿವಾಲ್ಡಿಯ ಹೆಸರು ಹೇಳುತ್ತಾರೆ. ಇವತ್ತು ನಾನು ಹೇಳಹೊರಟಿರುವುದು ಇನ್ನೊಬ್ಬರ ವಿಚಾರ. ಅವರು ಋತುವಿಗೊಂದರಂತೆ ನಾಲ್ಕು ಪೂರ್ಣ ಸಿಂಫನಿಗಳನ್ನೇ ಬರೆದರು. ಹೆಸರು ಯೋಆಖಿಮ್ ರಾಫ್.

ರಾಫ್ ಹುಟ್ಟಿದ್ದು 1822ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ದಂಡೆಯ ಲಾಖೆನ್ ಎಂಬ ಊರಿನಲ್ಲಿ. ಶಾಲಾ ಮಾಸ್ತರಿಕೆ ಬಿಟ್ಟು ಸಂಗೀತ ಹಿಡಿದರು. ಬಹುಪಾಲು ತಾವೇ ಕಲಿತರು. 1850ರಿಂದ ವೈಮಾರ್‌ನಲ್ಲಿ ಲಿಸ್ಟ್ ಅವರ ಸಹಾಯಕರಾಗಿದ್ದರು. 1870ರ ದಶಕದಲ್ಲಿ ಜರ್ಮನಿಯ ಸಭಾಂಗಣಗಳಲ್ಲಿ ರಾಫ್ ಸಿಂಫನಿಗಳಿಗೆ ದೊಡ್ಡ ಬೇಡಿಕೆ. 1878ರಲ್ಲಿ ಫ್ರಾಂಕ್‌ಫರ್ಟಿನ ಹೋಖ್ ಸಂಗೀತಶಾಲೆಯ ಮೊದಲ ನಿರ್ದೇಶಕರಾಗಿ, ಕ್ಲಾರಾ ಶೂಮನ್ ಅವರನ್ನು ಅಧ್ಯಾಪಕಿಯಾಗಿ ಕರೆತಂದರು. 1882ರಲ್ಲಿ ತೀರಿಕೊಂಡರು. ಕೆಲವೇ ದಶಕಗಳಲ್ಲಿ ಕಚೇರಿಯ ಪಟ್ಟಿಗಳಿಂದ ಹೆಸರೇ ಅಳಿಸಿಹೋಯಿತು.

ಯಾಕೆ ಹೀಗಾಯಿತು? ಒಂದು, ಅವರು ಬರೆದದ್ದು ವಿಪರೀತ. ಇನ್ನೂರಕ್ಕೂ ಮಿಕ್ಕಿದ ರಚನೆಗಳು. ಅಷ್ಟು ಬರೆದವರು ಚೆನ್ನಾಗಿ ಬರೆದಿರಲಾರರು ಎಂಬ ಅನುಮಾನ ಅಂಟಿಕೊಂಡಿತು. ಎರಡು, ಆಗ ಬ್ರಾಹ್ಮ್ಸ್ ಕಡೆಯವರದು ಒಂದು ಬಣ, ಲಿಸ್ಟ್ ಮತ್ತು ವಾಗ್ನರ್ ಕಡೆಯವರದು ಇನ್ನೊಂದು. ಹಳೆಯ ಚೌಕಟ್ಟಿನೊಳಗೆ ಹೊಸ ಚಿತ್ರ ಬರೆದ ರಾಫ್ ಯಾರ ಪಂಕ್ತಿಗೂ ಪೂರ್ತಿ ಸೇರಲಿಲ್ಲ. ಸಂಗೀತ ನಿಂತುಹೋಯಿತು, ತೀರ್ಪು ಮಾತ್ರ ಉಳಿಯಿತು. ಕೇಳದೆಯೇ ತೀರ್ಪನ್ನು ಒಪ್ಪಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲವೇ?

ಈ ಅನ್ಯಾಯವನ್ನು ಸರಿಪಡಿಸಿದ್ದು ರೆಕಾರ್ಡಿಂಗ್. ಹಿಚ್‌ಕಾಕ್ ಅವರ 'ಸೈಕೋ' ಚಿತ್ರಕ್ಕೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್, 1970ರಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ರಾಫ್ ಅವರ ಐದನೆಯ ಸಿಂಫನಿ 'ಲೆನೋರ್' ಅನ್ನು ಧ್ವನಿಮುದ್ರಿಸಿದರು. ಆಮೇಲೆ ಮಾರ್ಕೊ ಪೋಲೊ ಕಂಪನಿಗಾಗಿ ಉರ್ಸ್ ಶ್ನೈಡರ್, ಟ್ಯೂಡರ್ ಕಂಪನಿಗಾಗಿ ಬಾಂಬರ್ಗ್ ಸಿಂಫನಿಯೊಡನೆ ಹಾನ್ಸ್ ಸ್ಟಾಡ್ಲ್‌ಮೇರ್, ಕೊನೆಯ ಋತು ಸಿಂಫನಿಗಳನ್ನೂ ನಮ್ಮ ಕಿವಿಗೆ ತಲುಪಿಸಿದರು.

ಎಂಟನೆಯದು ವಸಂತ, ಒಂಬತ್ತನೆಯದು ಬೇಸಿಗೆ, ಹತ್ತನೆಯದು ಶರತ್ಕಾಲ, ಹನ್ನೊಂದನೆಯದು ಚಳಿಗಾಲ. ಬರೆದದ್ದು 1876ರಿಂದ 1879ರ ನಡುವೆ. ಚಳಿಗಾಲದ ಸಿಂಫನಿ ಅವರ ಕಾಲಾನಂತರವೇ ಅಚ್ಚಾಯಿತು. ಬೇಸಿಗೆಯ ಮೊದಲ ಭಾಗದ ಹೆಸರು 'ಬಿಸಿಲಿನ ದಿನ'. ಮುಂಬಯಿಯ ಮೇ ತಿಂಗಳು, ಚೆನ್ನೈಯ ಕತ್ತಿರಿ ಬಿಸಿಲು ಕಂಡ ನಮಗೆ ಯುರೋಪಿನ ಈ ಬೇಸಿಗೆ ತೀರ ತಂಪು ಅನ್ನಿಸೀತು! ಶರತ್ಕಾಲದಲ್ಲಿ ದೆವ್ವಗಳ ಕುಣಿತವಿದೆ, ಅದರ ಬೆನ್ನಿಗೇ ಶೋಕಗೀತೆ, ಕೊನೆಗೆ ಬೇಟೆ. ಚಳಿಗಾಲ ಮೊದಲ ಹಿಮದಿಂದ ಶುರುವಾಗಿ, ಬೆಂಕಿಗೂಡಿನ ಬಳಿ ಕೂತು, ಕಾರ್ನಿವಲ್ ಹಬ್ಬದಲ್ಲಿ ಮುಗಿಯುತ್ತದೆ.

ಹೇಗೆ ಕೇಳಬೇಕು? ನಾಲ್ಕನ್ನೂ ಒಟ್ಟಿಗೆ ಕೇಳಹೋಗಬೇಡಿ. ಮೊದಲು ಶರತ್ಕಾಲದ ಶೋಕಗೀತೆಯೊಂದನ್ನೇ, ಮನೆ ಸದ್ದಡಗಿದ ಮೇಲೆ ಕೇಳಿ. ಆಮೇಲೆ ಅದರ ಹಿಂದಿನ ದೆವ್ವಗಳ ಕುಣಿತಕ್ಕೆ ಹೋಗಿ. ಅಷ್ಟು ದೊಡ್ಡ ವಾದ್ಯವೃಂದವನ್ನು ಎಷ್ಟು ಹಗುರವಾಗಿ ನಡೆಸುತ್ತಾರೆ ಗಮನಿಸಿ. ಬ್ರಾಹ್ಮ್ಸ್ ಅವರ ಭಾರವನ್ನು ಇಲ್ಲಿ ಹುಡುಕಬೇಡಿ. ಕೆಲವು ಕಡೆ ಹೇಳಿದ್ದನ್ನೇ ಹೇಳುತ್ತಾರೆ, ನಿಜ. ಆದರೆ ವಾದ್ಯಗಳ ಬಣ್ಣ ಬಲ್ಲ ಕೈ ಅದು. ಸಾಧ್ಯವಾದರೆ ಒಂದೇ ಭಾಗವನ್ನು ಇಬ್ಬರು ನಿರ್ದೇಶಕರಲ್ಲಿ ಕೇಳಿ. ಒಬ್ಬರಲ್ಲಿ ಸಪ್ಪೆ ಎನಿಸಿದ್ದು ಇನ್ನೊಬ್ಬರಲ್ಲಿ ಜೀವ ತಳೆಯಬಹುದು. ಆಗ ದೋಷ ಬರೆದವರದೋ ನುಡಿಸಿದವರದೋ ತಿಳಿಯುತ್ತದೆ.

ಬೀಥೋವನ್ ಅವರ ಒಂದು ಕಚೇರಿ ಕೆಟ್ಟರೆ ನಾಳೆ ಇನ್ನೊಂದು ಇರುತ್ತದೆ. ರಾಫ್ ಅಂಥವರಿಗೆ ಇರುವುದು ಬೆರಳೆಣಿಕೆಯ ಧ್ವನಿಮುದ್ರಿಕೆಗಳು. ಅವನ್ನೂ ಯಾರೂ ಕೇಳದಿದ್ದರೆ ಹಳೆಯ ತೀರ್ಪೇ ಕೊನೆಯ ತೀರ್ಪು. ನೀವೇ ಕೇಳಿ, ನೀವೇ ಹೇಳಿ. ಮೆಚ್ಚದಿದ್ದರೂ ಚಿಂತೆಯಿಲ್ಲ; ಅದು ನಿಮ್ಮ ಕಿವಿ ಕೊಟ್ಟ ತೀರ್ಪಾಗಿರಲಿ.