ಹೆಬ್ಬೆರಳು ಮತ್ತು ಹೆದೆ

ಏಕಲವ್ಯನ ಕಥೆಯನ್ನು ನಾನು 30 ವರ್ಷ ತರಗತಿಗಳಲ್ಲಿ ಹೇಳಿದವನು. ಬಿಲ್ಲನ್ನು ಮಾತ್ರ ಮುಟ್ಟಿದವನಲ್ಲ. ಕಳೆದ ಮಾಗಿಯಲ್ಲಿ ಆ ಯೋಗವೂ ಒದಗಿತು. ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದೆ. ಹಳೆಯ ಶಿಷ್ಯನೊಬ್ಬ ಚಿಂಚೋಳಿಯ ಕಡೆಗೆ ಕರೆದೊಯ್ದ. ಅಲ್ಲಿಯ ಕಾಡು 2011ರಿಂದ ವನ್ಯಜೀವಿಧಾಮ. ಅದರೊಳಗೆ ಬಿಲ್ಲು ಹಿಡಿಯುವಂತಿಲ್ಲ. ಆದ್ದರಿಂದ ಹೊರಗಿನ ತನ್ನ ಮಾವಿನ ತೋಪಿನಲ್ಲಿ, ಮರಗಳ ಮರೆಯಲ್ಲಿ ಅಲ್ಲಲ್ಲಿ, ಹೊಟ್ಟು ತುಂಬಿದ ಗೋಣಿಚೀಲಗಳನ್ನು ಗುರಿಯಾಗಿ ನಿಲ್ಲಿಸಿದ್ದ.

ಕಾಡುದಾರಿಯ ಬಿಲ್ಲುಗಾರಿಕೆಯೇ ಬೇರೆ. 24 ಗುರಿಗಳ ಅಂತರರಾಷ್ಟ್ರೀಯ ಪಂದ್ಯದಲ್ಲಿ 12ರ ದೂರವನ್ನು ಹೇಳುವುದೇ ಇಲ್ಲ, ಕಣ್ಣೇ ಅಳೆಯಬೇಕು. ನನ್ನ ಕಣ್ಣು ಅಳೆದದ್ದೆಲ್ಲ ತಪ್ಪು. ಮೊದಲ ಬಾಣ ನೆಲ ಕಚ್ಚಿತು, ಎರಡನೆಯದು ಚೀಲದ ಮೇಲೆ ಹಾರಿತು, ಮೂರನೆಯದರಲ್ಲಿ ಹೆದೆ ನನ್ನ ಮುಂಗೈಗೇ ಬಡಿಯಿತು.

ಬಲಗೈ ನೋಡಿಕೊಂಡೆ. ಮೂರು ಬೆರಳು ಕೆಂಪಾಗಿದ್ದವು. ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ. ಇದೇ ಶಿಷ್ಯ ಹಿಂದೊಮ್ಮೆ ಕೇಳಿದ್ದ: “ಹೆಬ್ಬೆರಳು ಹೋದರೇನು ಗುರುಗಳೇ, ಉಳಿದ ಬೆರಳುಗಳಿಂದ ಬಿಡಬಾರದೇ?” ಅಧಿಕಪ್ರಸಂಗವೆಂದು ಗದರಿ ಕೂರಿಸಿದ್ದೆ.

ಮನೆಗೆ ಬಂದು ವ್ಯಾಸಭಾರತದ ಆದಿಪರ್ವ ತೆರೆದೆ. ಏಕಲವ್ಯ ಉಳಿದ ಬೆರಳುಗಳಿಂದಲೇ ಬಾಣ ಬಿಟ್ಟ, ಮೊದಲಿನ ವೇಗ ಮಾತ್ರ ಉಳಿಯಲಿಲ್ಲ ಎಂದು ಅಲ್ಲಿದೆ. ಹೆಬ್ಬೆರಳಿನಿಂದಲೇ ಹೆದೆ ಸೆಳೆಯುವ ಕ್ರಮ ಏಷ್ಯಾದ ಅನೇಕ ನಾಡುಗಳಲ್ಲಿತ್ತು. ಗುರು ಕೊಂಡದ್ದು ವೇಗವನ್ನು. ವಿದ್ಯೆ ಶಿಷ್ಯನಲ್ಲೇ ಉಳಿಯಿತು. ನಾನೋ ಅದನ್ನೂ ಕಳೆದು ಪಾಠ ಹೇಳಿದ್ದೆ.

ಆ ರಾತ್ರಿಯೇ ಕಾಗದ ಬರೆದೆ: “ಮುಂಗೈಯ ಬಾವು ಇಳಿದಿದೆ. ಅಂದಿನ ನಿನ್ನ ಪ್ರಶ್ನೆ ಸರಿಯಾಗಿತ್ತು.”