ಕಡಲೊಳಗಿನ ಮೊದಲ ಉಸಿರು

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಹೊಸಬರಿಗೆ ಸ್ಕೂಬಾ ಮುಳುಗುವಿಕೆಯನ್ನು ಕಲಿಸುವುದು ನನ್ನ ವೃತ್ತಿ. ಈಜು ಬಲ್ಲವರಿಗೆ ಈ ವಿದ್ಯೆ ಸುಲಭವೆಂದು ಅನೇಕರ ಭಾವನೆ. ನನ್ನ ಅನುಭವ ಬೇರೆ. ನೀರೊಳಗೆ ಉಸಿರು ಬಿಗಿಹಿಡಿಯುವುದು ಈಜುಗಾರನ ಅಭ್ಯಾಸ. ನಾನು ಮೊದಲು ಬಿಡಿಸಬೇಕಾದದ್ದು ಅದನ್ನೇ.

ಕಾರಣವಿದೆ. ಕಡಲಲ್ಲಿ 10 ಮೀಟರು ಇಳಿದರೆ ನಮ್ಮ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಬೆನ್ನಿನ ಸಿಲಿಂಡರಿನಿಂದ ಅಲ್ಲಿ ಎಳೆದುಕೊಂಡ ಗಾಳಿ, ಮೇಲಕ್ಕೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೇರಿದವನ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಉಸಿರನ್ನು ತಡೆಯಬೇಡಿ.

ಒಮ್ಮೆ ಆ ಆಳದಲ್ಲಿ, ಮಾಸ್ಕಿನೊಳಗೆ ನೀರು ಹೊಕ್ಕೊಡನೆ ಯುವಕನೊಬ್ಬ ಬೆದರಿ ಮೇಲಕ್ಕೆ ಚಿಮ್ಮಲು ಹೊರಟ. ಅವನಿಂದ ಗುಳ್ಳೆಗಳೇಳುವುದು ನಿಂತಿತ್ತು. ಮಾಸ್ಕಿನ ಮೇಲಂಚನ್ನು ಒತ್ತಿ, ಮೂಗಿನಿಂದ ಉಸಿರು ಬಿಟ್ಟು ನೀರನ್ನು ಹೊರದೂಡುವುದನ್ನು ಈಜುಕೊಳದಲ್ಲಿ ಅವನು ಒಂದು ಸಲ ಮಾಡಿ ತೋರಿಸಿದ್ದ. ಅಷ್ಟು ಸಾಕೆಂದುಕೊಂಡ ಆತುರ ನನ್ನದು. ತೋಳು ಹಿಡಿದು ನಿಲ್ಲಿಸಿ, ಅವನ ಮುಖದೆದುರು ನಾನೇ ನಿಧಾನವಾಗಿ ಉಸಿರು ಬಿಟ್ಟು ತೋರಿಸಿದೆ. ಬಹಳ ದೀರ್ಘವೆನಿಸಿದ ಕೆಲವು ಕ್ಷಣಗಳ ನಂತರ ಅವನಿಂದಲೂ ಗುಳ್ಳೆಗಳೆದ್ದವು. ಇಬ್ಬರೂ ಮೆಲ್ಲಮೆಲ್ಲನೆ ಮೇಲೆ ಬಂದೆವು.

ದೋಣಿ ಹತ್ತಿದ ಮೇಲೆ ಅವನು ನನ್ನ ಕ್ಷಮೆ ಕೇಳಿದ, ಕೇಳಬೇಕಾಗಿದ್ದವನು ನಾನು. ಅಂದಿನಿಂದ ಆ ಅಭ್ಯಾಸವನ್ನು, ಕಲಿಯುವವರ ಭಯವೆಲ್ಲ ಬೇಸರವಾಗಿ ಮಾರ್ಪಡುವವರೆಗೆ ಮಾಡಿಸುತ್ತೇನೆ. ಕಡಲಿಗೆ ಕರೆದೊಯ್ಯುವುದು ಆಮೇಲೆ.