ಮಕ್ಕಳ ಆರನೇ ಹಲ್ಲು



“ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ” ಎಂಬ ಮಾತು ನಮ್ಮೆಲ್ಲರ ಮನೆಯಲ್ಲೂ ಇದೆ. ಮುಂದಿನವು 6-7 ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲುಗಳು 10-12 ವರ್ಷದವರೆಗೂ ಇರಬೇಕು. ಬೇಗ ಹೋದರೆ ಪಕ್ಕದ ಹಲ್ಲು ವಾಲಿ, ಹೊಸ ಹಲ್ಲಿಗೆ ಜಾಗ ಸಾಲುವುದಿಲ್ಲ. ಅದಕ್ಕೇ ವೈದ್ಯರು ಹಾಲುಹಲ್ಲನ್ನೂ ಫಿಲ್ಲಿಂಗ್, ರೂಟ್ ಕೆನಾಲ್ ಮಾಡಿ ಉಳಿಸುತ್ತಾರೆ.

ಇನ್ನೊಂದು ವಿಷಯ. ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತೇವೆ. ಅದು ಹಾಳಾದರೆ ಮತ್ತೆ ಬರುವುದಿಲ್ಲ. ಪೂರ್ತಿ ಮೇಲೆ ಬಂದ ಮೇಲೆ ಅದರ ಸಂದುಗಳಿಗೆ ಸೀಲೆಂಟ್ ಹಚ್ಚಿಸಬಹುದು, ನೋವಾಗುವುದಿಲ್ಲ. ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆಯಲ್ಲೂ, ಸಿಎಸ್‌ಎಂಟಿ ಬಳಿಯ ಸರಕಾರಿ ದಂತ ಕಾಲೇಜಿನಲ್ಲೂ ಮಕ್ಕಳ ದಂತ ವಿಭಾಗವಿದೆ.

ಬೆಳಿಗ್ಗೆ ಗಡಿಬಿಡಿಯಲ್ಲಿ ಮಗು ತಾನೇ ಉಜ್ಜಲಿ, ರಾತ್ರಿ ಮಾತ್ರ ನೀವೇ ಉಜ್ಜಿಸಿ. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ಹಾಲು, ಬಿಸ್ಕತ್ತು ಬೇಡ.

ಮನೆಯಲ್ಲಿ 6 ದಾಟಿದ ಮಗುವಿದ್ದರೆ ಇಂದೇ ಟಾರ್ಚ್ ಹಿಡಿದು, ನಡುವಿನಿಂದ ಹಿಂದಕ್ಕೆ ಎಣಿಸಿ. ಆರನೆಯದು ಬಂದಿದ್ದರೆ, ಅದು ಜೀವನಪೂರ್ತಿ ಬೇಕಾದ ಹಲ್ಲು.